ಕಾಕಂಬಿಯ ಕಥೆ: ಮಂಡ್ಯದ ಕಬ್ಬು ಮತ್ತು ನಾಳಿನ ಇಂಧನ



ನಿಮ್ಮಲ್ಲಿ ಹಲವರು ಮದ್ದೂರಿನಿಂದ ಮಂಡ್ಯಕ್ಕೆ ಹಳೆಯ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಬಂದಿರಬಹುದು. ಅದು ಕಬ್ಬು ಅರೆಯುವ ಕಾಲವಾಗಿದ್ದರೆ ದಾರಿಯುದ್ದಕ್ಕೂ ಕಬ್ಬು ತುಂಬಿದ ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಕಾಣಸಿಗುತ್ತವೆ. ಸಕ್ಕರೆ ಕಾರ್ಖಾನೆ ಹತ್ತಿರವಾದಂತೆ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಅದು ಅರ್ಧ ಬೆಲ್ಲದ ವಾಸನೆ, ಅರ್ಧ ಹುಳಿ ಬಂದ ಹಿಟ್ಟಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ; ಊರಿನವರಿಗೆ ಅಭ್ಯಾಸವಾಗಿಬಿಟ್ಟಿದೆ. ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ವಾಸನೆಯ ಬಗೆಗೆ.

ಅದು ಕಾಕಂಬಿಯ ವಾಸನೆ. ಕಬ್ಬಿನ ರಸವನ್ನು ಶುದ್ಧಮಾಡಿ, ಕಾಯಿಸಿ, ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪಾದ, ಅಂಟಂಟಾದ ಪಾಕವೇ ಕಾಕಂಬಿ. ಅದರಲ್ಲಿ ಇನ್ನೂ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯ ಅಂಶವಿರುತ್ತದೆ. ಆದರೆ ಎಷ್ಟು ಕಾಯಿಸಿದರೂ ಅದು ಲಾಭಕರವಾಗಿ ಹರಳುಗಟ್ಟದು. ಸ್ಥೂಲವಾಗಿ ಹೇಳುವುದಾದರೆ ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 100 ಕಿಲೋ ಸಕ್ಕರೆ, 280 ಕಿಲೋ ಸಿಪ್ಪೆ, 30ರಿಂದ 40 ಕಿಲೋ ಮಡ್ಡಿ ಮತ್ತು 40ರಿಂದ 45 ಕಿಲೋ ಕಾಕಂಬಿ ದೊರೆಯುತ್ತವೆ. ಉಳಿದದ್ದು ಬಹುಪಾಲು ನೀರು. ಹಾಗೆ ನೋಡಿದರೆ ಕಾಕಂಬಿ ಸಕ್ಕರೆಯ ಮನೆಯಲ್ಲಿ ಕಡೆಯ ಪಂಕ್ತಿಯಲ್ಲಿ ಕುಳಿತ ಮಗು. ಆದರೆ ಇಂದು ಎಲ್ಲರ ಕಣ್ಣೂ ಈ ಮಗುವಿನ ಮೇಲೆಯೇ ಇದೆ. ಏಕೆಂದರೆ ಕಾಕಂಬಿಯಿಂದ ಎಥನಾಲ್ ಅಥವಾ ಆಲ್ಕೋಹಾಲ್ ಆಗುತ್ತದೆ. ಎಥನಾಲಿನಿಂದ ವಾಹನದ ಇಂಧನವೂ ಆಗುತ್ತದೆ, ಪ್ಲಾಸ್ಟಿಕ್ಕೂ ಆಗುತ್ತದೆ.

ಇದು ಹೇಗೆ ಸಾಧ್ಯವೆಂಬುದನ್ನು ಮೊದಲು ತಿಳಿಯೋಣ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ನೀವು ಪಾಠದಲ್ಲಿ ಓದಿದ್ದೀರಿ. ನೀರು ಬೆರೆಸಿ ತೆಳುವಾಗಿಸಿದ ಕಾಕಂಬಿಗೆ ಯೀಸ್ಟನ್ನು ಬಿಟ್ಟರೆ ಅದು ಸಕ್ಕರೆಯನ್ನು ತಿಂದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಸಕ್ಕರೆಯ ಒಂದು ಅಣುವಿನಲ್ಲಿ ಇಂಗಾಲದ 12 ಪರಮಾಣುಗಳಿವೆ. ಅವುಗಳಲ್ಲಿ 8 ಎಥನಾಲಿಗೆ ಸೇರುತ್ತವೆ, 4 ಅನಿಲವಾಗಿ ಹೋಗುತ್ತವೆ. ಈ ಎರಡು ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಹೀಗೆ ಹುದುಗಿದ ದ್ರವದಲ್ಲಿ ಎಥನಾಲ್ ಸ್ವಲ್ಪ, ನೀರು ಬಹಳ. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100 ಡಿಗ್ರಿಯಲ್ಲಿ. ಈ ವ್ಯತ್ಯಾಸವನ್ನು ಬಳಸಿಕೊಂಡು ಭಟ್ಟಿ ಇಳಿಸುತ್ತಾರೆ. ಆದರೆ ಪ್ರಕೃತಿ ಇಲ್ಲೊಂದು ತೊಡಕಿಟ್ಟಿದೆ. ಎಷ್ಟು ಸಲ ಭಟ್ಟಿ ಇಳಿಸಿದರೂ ಶೇಕಡಾ 95-96ಕ್ಕಿಂತ ಹೆಚ್ಚು ಶುದ್ಧವಾದ ಎಥನಾಲ್ ಬರುವುದಿಲ್ಲ. ಆ ಹಂತದಲ್ಲಿ ಎರಡೂ ಒಟ್ಟಿಗೇ ಕುದಿಯತೊಡಗುತ್ತವೆ. ಪೆಟ್ರೋಲಿಗೆ ಬೆರೆಸಲು ಇದು ಸಾಲದು. ನೀರಿನ ಅಂಶವಿದ್ದರೆ ಎರಡೂ ಬೇರೆ ಬೇರೆ ಪದರಗಳಾಗಿ ನಿಂತುಬಿಡುತ್ತವೆ. ಆದ್ದರಿಂದ ಜಿಯೋಲೈಟ್ ಎಂಬ ಖನಿಜದ ಹರಳುಗಳ ಮೂಲಕ ಅದನ್ನು ಹಾಯಿಸುತ್ತಾರೆ. ಆ ಹರಳಿನ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಅಣು ಒಳಹೊಕ್ಕು ಸಿಕ್ಕಿಬೀಳುತ್ತದೆ, ಎಥನಾಲಿನ ಅಣು ಹೊರಗೇ ಉಳಿಯುತ್ತದೆ. ನಮ್ಮ ಮನೆಯ ಜರಡಿಯ ಕೆಲಸವೇ, ಅಣುಗಳ ಮಟ್ಟದಲ್ಲಿ.

ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಎಂದು ಭಾವಿಸಬೇಡಿ. ಮಂಡ್ಯಕ್ಕೆ ಇದು ಹಳೆಯ ಪರಿಚಯ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹುಲಿಕೆರೆಯ ಸುರಂಗವನ್ನು ದಾಟಿ ಹರಿದ ಮೇಲೆ ಒಣಭೂಮಿ ಗದ್ದೆಯಾಯಿತು. ಆ ನೀರಿಗೆ ತಕ್ಕ ಬೆಳೆ ಕಬ್ಬು, ಆ ಕಬ್ಬಿಗೆ ತಕ್ಕ ಕಾರ್ಖಾನೆ ಬೇಕೆಂದು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮವನ್ನು ಮಂಡ್ಯದ ಜನ ಇಂದಿಗೂ ನೆನೆಯುತ್ತಾರೆ. ಸಕ್ಕರೆಯ ಹಿಂದೆಯೇ ಕಾಕಂಬಿ ಬಂತು, ಕಾಕಂಬಿಯ ಹಿಂದೆಯೇ ಭಟ್ಟಿಯೂ ಬಂತು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಅಭಾವ ಉಂಟಾದಾಗ ಮೈಸೂರು ಸಂಸ್ಥಾನದಲ್ಲಿ ಮಂಡ್ಯದ ಆಲ್ಕೋಹಾಲನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರು. ಅದನ್ನು ಆಗ ‘ಪವರ್ ಆಲ್ಕೋಹಾಲ್’ ಎಂದು ಕರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತ ಸರ್ಕಾರ ಪವರ್ ಆಲ್ಕೋಹಾಲ್ ಕಾಯಿದೆಯನ್ನೂ ಮಾಡಿತು. ಆದರೆ ಯುದ್ಧ ಮುಗಿದ ಮೇಲೆ ಪೆಟ್ರೋಲ್ ಅಗ್ಗವಾಗಿ, ಧಾರಾಳವಾಗಿ ಸಿಗತೊಡಗಿತು. ಕಾಕಂಬಿಯ ಇಂಧನ ಮೂಲೆ ಸೇರಿತು.

ಇನ್ನೊಂದು ಸಂಗತಿ ನಿಮಗೆ ಹೆಚ್ಚು ಅಚ್ಚರಿ ತರಬಹುದು. ಮಂಡ್ಯದಲ್ಲಿ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಕಂಪನಿ ಎಂಬ ಸರ್ಕಾರಿ ಉದ್ಯಮವೊಂದಿತ್ತು. ಅಲ್ಲಿ ತಯಾರಾಗುತ್ತಿದ್ದುದು ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತು. ಇದರ ರಸಾಯನಶಾಸ್ತ್ರ ನೀವು ಪಿ.ಯು.ಸಿ.ಯಲ್ಲಿ ಓದುವುದೇ. ಎಥನಾಲನ್ನು ಉತ್ಕರ್ಷಿಸಿದರೆ ಅಸಿಟಾಲ್ಡಿಹೈಡ್, ಅದನ್ನು ಮತ್ತೆ ಉತ್ಕರ್ಷಿಸಿದರೆ ಅಸಿಟಿಕ್ ಆಮ್ಲ, ಅದರಿಂದ ಅಸಿಟಿಕ್ ಅನ್‌ಹೈಡ್ರೈಡ್. ಅದನ್ನು ಹತ್ತಿಯ ನಾರು ಅಥವಾ ಮರದ ನಾರಿನ ಸೆಲ್ಯುಲೋಸಿನೊಡನೆ ಸೇರಿಸಿದರೆ ಸೆಲ್ಯುಲೋಸ್ ಅಸಿಟೇಟ್. ಫೋಟೋ ಫಿಲ್ಮು, ಕನ್ನಡಕದ ಚೌಕಟ್ಟು, ಹೊಳೆಯುವ ನೂಲು ಇವೆಲ್ಲ ಈ ವಸ್ತುವಿನಿಂದ ಆಗುತ್ತವೆ. ಇಂದು ಆ ಕಾರ್ಖಾನೆ ನಡೆಯುತ್ತಿಲ್ಲ. ಆದರೆ ಗಿಡದ ಸಕ್ಕರೆಯಿಂದ ಇಂಧನ ಮಾತ್ರವಲ್ಲ, ವಸ್ತುಗಳನ್ನೂ ತಯಾರಿಸಬಹುದೆಂದು ಪ್ರಪಂಚ ಇಂದು ಹೊಸದಾಗಿ ಹೇಳುತ್ತಿರುವ ಮಾತನ್ನು ಮಂಡ್ಯ ಬಹಳ ಹಿಂದೆಯೇ ಕೇಳಿತ್ತು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಮೂಲೆ ಸೇರಿದ್ದ ಎಥನಾಲ್ ಮತ್ತೆ ಅಂಗಳಕ್ಕೆ ಬಂದುದೇಕೆ? ಮೊದಲ ಕಾರಣ ತೈಲದ ಬೆಲೆ. 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದ ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲಿಗೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ರೂಪಿಸಿತು. 2025ರ ಆಗಸ್ಟ್‌ನಿಂದ ಅಲ್ಲಿ ಪೆಟ್ರೋಲಿನಲ್ಲಿ ಶೇಕಡಾ 30ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಭಾರತದಲ್ಲಿ 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡಾ 5ರಿಂದ ಆರಂಭವಾದ ಮಿಶ್ರಣ 2022ರಲ್ಲಿ ಶೇಕಡಾ 10ನ್ನು ಮುಟ್ಟಿತು. ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆತದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲಿಯೇ. 2025ರಲ್ಲಿ ದೇಶ ಆ ಗುರಿಯನ್ನು ತಲುಪಿತು. ಎರಡನೆಯ ಕಾರಣ ಭೂಮಿಯ ತಾಪ ಏರುತ್ತಿರುವುದು. ಈ ಎರಡನೆಯ ಕಾರಣವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಪೆಟ್ರೋಲಿನಲ್ಲಿರುವ ಇಂಗಾಲ ಕೋಟ್ಯಂತರ ವರ್ಷಗಳಿಂದ ನೆಲದಡಿ ಹೂತಿದ್ದುದು. ನಾವು ಅದನ್ನು ಅಗೆದು ತೆಗೆದು ಉರಿಸಿದರೆ ಗಾಳಿಗೆ ಹೊಸ ಇಂಗಾಲ ಸೇರುತ್ತದೆ. ಕಬ್ಬಿನ ಇಂಗಾಲ ಹಾಗಲ್ಲ. ಕಳೆದ ವರ್ಷ ಗಾಳಿಯಲ್ಲಿದ್ದುದನ್ನೇ ಗರಿಗಳು ಬಿಸಿಲಿನ ನೆರವಿನಿಂದ ಹೀರಿ ಸಕ್ಕರೆ ಮಾಡಿವೆ. ಹುದುಗುವಾಗ ಹೋದ 4 ಪರಮಾಣುಗಳೂ, ಎಂಜಿನ್ನಿನಲ್ಲಿ ಉರಿದ 8 ಪರಮಾಣುಗಳೂ ಬಂದಲ್ಲಿಗೇ ಹಿಂದಿರುಗಿದವು. ಸಾಲ ತಂದದ್ದನ್ನು ಹಿಂದಿರುಗಿಸಿದಂತೆ, ಬಾಕಿ ಸೊನ್ನೆ.

ಲೆಕ್ಕ ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಕಬ್ಬಿಗೆ ಗೊಬ್ಬರ ಹಾಕುತ್ತೇವೆ. ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು. ಗದ್ದೆಗೆ ಹಾಕಿದ ಸಾರಜನಕದಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯಬಲ್ಲ ಅನಿಲ. ಟ್ರ್ಯಾಕ್ಟರಿಗೆ ಡೀಸೆಲ್ ಬೇಕು, ಪಂಪಿಗೆ ವಿದ್ಯುತ್ ಬೇಕು. ಇವೆಲ್ಲವನ್ನೂ ಎಥನಾಲಿನ ಖಾತೆಗೆ ಬರೆಯಬೇಕು. ಕಬ್ಬಿಗೆ ಒಂದು ಅನುಕೂಲವಿದೆ. ಅದರ ಸಿಪ್ಪೆಯೇ ಕಾರ್ಖಾನೆಯ ಬಾಯ್ಲರಿಗೆ ಸೌದೆ. ಕಲ್ಲಿದ್ದಲು ಉರಿಸಿ ಮೆಕ್ಕೆಜೋಳದ ಎಥನಾಲ್ ಭಟ್ಟಿ ಇಳಿಸುವ ಕಾರ್ಖಾನೆಗೆ ಈ ಅನುಕೂಲವಿಲ್ಲ. ಆದ್ದರಿಂದ ‘ಸಸ್ಯದಿಂದ ಬಂದದ್ದೆಲ್ಲ ಹಸಿರು’ ಎಂದು ಕಣ್ಣು ಮುಚ್ಚಿ ಒಪ್ಪಬಾರದು. ಯಾವ ಗಿಡ, ಯಾವ ಗೊಬ್ಬರ, ಯಾವ ಉರುವಲು ಎಂದು ಕೇಳಬೇಕು.

ಇಂಗಾಲದ ಖಾತೆಯ ಪಕ್ಕದಲ್ಲಿ ಇನ್ನೊಂದು ಖಾತೆಯಿದೆ. ಮಂಡ್ಯದ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅದು ನೀರಿನ ಖಾತೆ.

ಸಕ್ಕರೆಗೆ ಹೋಗಬೇಕಾದ ಕಬ್ಬಿನ ರಸವನ್ನೇ ನೇರವಾಗಿ ಎಥನಾಲ್ ಮಾಡಿದರೆ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಬರುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹೀಗೆ ಬರುವ ಪ್ರತಿ ಲೀಟರ್ ಎಥನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ. ಕಾಗದ, ಪೆನ್ನು ತೆಗೆದುಕೊಳ್ಳಿ. ಎಕರೆಗೆ 40 ಟನ್ ಇಳುವರಿ ಎಂದಿಟ್ಟುಕೊಂಡರೆ 2,800 ಲೀಟರ್ ಎಥನಾಲ್. ಅದಕ್ಕೆ ಬೇಕಾದ ನೀರು ಸುಮಾರು 80 ಲಕ್ಷ ಲೀಟರ್. ಆ ನೀರನ್ನು ಅದೇ ಒಂದು ಎಕರೆಯ ಮೇಲೆ ನಿಲ್ಲಿಸಿದರೆ ಸುಮಾರು ಎರಡು ಮೀಟರ್ ಆಳವಾಗುತ್ತದೆ. ಎತ್ತರದ ಮನುಷ್ಯನೂ ಮುಳುಗುವಷ್ಟು! ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಮೀಟರನ್ನೂ ಮುಟ್ಟುವುದಿಲ್ಲ, ಸುಮಾರು 700 ಮಿಲಿಮೀಟರ್ ಅಷ್ಟೆ. ಉಳಿದದ್ದು ಎಲ್ಲಿಂದ ಬರಬೇಕು? ನಾಲೆಯಿಂದ, ಇಲ್ಲವೇ ಕೊಳವೆ ಬಾವಿಯಿಂದ.

ನಾಲೆಯ ನೀರು ಮಂಡ್ಯವನ್ನು ದಾಟಿ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೊನೆಯ ಭಾಗಕ್ಕೆ ಮುಟ್ಟುವಷ್ಟರಲ್ಲಿ ಸೊರಗುತ್ತದೆ ಎಂಬುದು ಅಲ್ಲಿನ ರೈತರ ಬಹುಕಾಲದ ಕೊರಗು. ಕಟ್ಟೆ ತುಂಬಿದ ವರ್ಷ ಅದು ಕೊರಗು. ತುಂಬದ ವರ್ಷ ಸಂಕಟ. 2023ರಲ್ಲಿ ಮುಂಗಾರು ಕೈಕೊಟ್ಟು ಕನ್ನಂಬಾಡಿ ತುಂಬದಿದ್ದಾಗ ಮಂಡ್ಯದ ಬೀದಿಗಳಲ್ಲಿ ನಡೆದ ಕಾವೇರಿ ಹೋರಾಟವನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಅದೇ ವರ್ಷ ಡಿಸೆಂಬರಿನಲ್ಲಿ, ದೇಶದಲ್ಲಿ ಸಕ್ಕರೆಯ ಉತ್ಪಾದನೆ ಕುಗ್ಗುವ ಸೂಚನೆ ಕಂಡು, ಕಬ್ಬಿನ ರಸದಿಂದ ಎಥನಾಲ್ ಮಾಡುವುದನ್ನು ಕೇಂದ್ರ ಸರ್ಕಾರ ನಿರ್ಬಂಧಿಸಿತು. 2024ರಲ್ಲಿ ಆ ನಿರ್ಬಂಧವನ್ನು ತೆಗೆಯಲಾಯಿತು. ಮಳೆ ಹೋದರೆ ಕಬ್ಬು ಹೋಗುತ್ತದೆ, ಕಬ್ಬು ಹೋದರೆ ಇಂಧನವೂ ಹೋಗುತ್ತದೆ. ಇದು ನಾವು ಕಲಿತ ಪಾಠ.

ಹೀಗೆಂದ ಮಾತ್ರಕ್ಕೆ ಎಥನಾಲ್ ಬೇಡವೆಂದು ಅರ್ಥವಲ್ಲ. ಕಾರ್ಖಾನೆಗೆ ಎಥನಾಲಿನ ಹಣ ಬೇಗ ಕೈಸೇರಿದರೆ ರೈತನ ಕಬ್ಬಿನ ಬಾಕಿ ತೀರಿಸಲು ಅನುಕೂಲವಾಗುತ್ತದೆ. ಮಂಡ್ಯದ ಹಳೆಯ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಸಂತೋಷವಾಯಿತೆಂದು ನೀವು ಬಲ್ಲಿರಿ. ಆದ್ದರಿಂದ ಎಥನಾಲ್ ಬೇಕೋ ಬೇಡವೋ ಎಂದು ಕೇಳುವುದಕ್ಕಿಂತ ಅದು ಯಾವುದರಿಂದ ಬರಬೇಕು, ಯಾವುದಕ್ಕೆ ಹೋಗಬೇಕು ಎಂದು ಕೇಳುವುದು ಜಾಣತನ.

ಮೊದಲನೆಯದನ್ನು ನೋಡೋಣ: ಯಾವುದರಿಂದ? ಸಕ್ಕರೆಗೆಂದೇ ಬೆಳೆದ ಕಬ್ಬಿನ ಕಾಕಂಬಿಯಿಂದ ಬಂದರೆ ಹೊಸದಾಗಿ ಒಂದು ಹನಿ ನೀರನ್ನೂ ಗದ್ದೆಗೆ ಕಟ್ಟಬೇಕಾಗಿಲ್ಲ. ಆದರೆ ಪ್ರಮಾಣ ಕಡಿಮೆ, ಟನ್ ಕಬ್ಬಿಗೆ ಸುಮಾರು 10 ಲೀಟರ್. ಹಾಗಾದರೆ ಇನ್ನೇನಿದೆ? ಸಿಪ್ಪೆ ಇದೆ, ತರಗು ಇದೆ, ಭತ್ತದ ಹುಲ್ಲಿದೆ. ಇವು ಸೆಲ್ಯುಲೋಸಿನಿಂದ ಆದವು. ಸೆಲ್ಯುಲೋಸ್ ಎಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಕಿಣ್ವಗಳಿಂದ ಆ ಸರಪಳಿಯನ್ನು ಬಿಚ್ಚಿದರೆ ಮತ್ತೆ ಸಕ್ಕರೆ, ಮತ್ತೆ ಯೀಸ್ಟ್, ಮತ್ತೆ ಎಥನಾಲ್. ಇದನ್ನು ಎರಡನೆಯ ತಲೆಮಾರಿನ ಎಥನಾಲ್ ಎನ್ನುತ್ತಾರೆ. ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕ 2022ರಲ್ಲಿ ಉದ್ಘಾಟನೆಯಾಯಿತು. ಸರಪಳಿಯನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತು ಅಂಟಿನಂತೆ ಹಿಡಿದಿರುವುದರಿಂದ ಈ ಕೆಲಸ ಕಷ್ಟದ್ದು, ವೆಚ್ಚದ್ದು.

ಹೊಲದ ತರಗನ್ನು ಊರೂರಿಂದ ಒಟ್ಟುಗೂಡಿಸುವುದು ಸಾಧ್ಯವೇ ಎಂದು ನೀವು ಕೇಳಬಹುದು. ಇದಕ್ಕೆ ಮಳವಳ್ಳಿ ತಾಲ್ಲೂಕೇ ಉತ್ತರ ಕೊಟ್ಟಿದೆ. ಅಲ್ಲಿ 2001ರಲ್ಲಿ ಕಬ್ಬಿನ ತರಗು, ತೆಂಗಿನ ಗರಿಯಂತಹ ಹಗುರವಾದ ಕೃಷಿ ತ್ಯಾಜ್ಯವನ್ನೇ ಉರಿಸಿ 4.5 ಮೆಗಾವಾಟ್ ವಿದ್ಯುತ್ ತಯಾರಿಸುವ ಘಟಕ ಆರಂಭವಾಯಿತು. ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ತಾಲ್ಲೂಕು, ಒಂದು ಶತಮಾನದ ಬಳಿಕ ಗದ್ದೆಯ ಕಸದಿಂದಲೂ ವಿದ್ಯುತ್ ತೆಗೆಯಬಹುದೆಂದು ತೋರಿಸಿತು. ಕಸಕ್ಕೆ ಬೆಲೆ ಬಂದರೆ ಅದನ್ನು ಹೊತ್ತು ತರುವವರೂ ಇರುತ್ತಾರೆ. ಆದರೆ ಎಲ್ಲ ತರಗನ್ನೂ ಹೊತ್ತೊಯ್ಯಬಾರದು. ಕೂಳೆ ಕಬ್ಬಿನ ಸಾಲಿನಲ್ಲಿ ಹಾಸಿದ ತರಗು ತೇವವನ್ನು ಹಿಡಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಮಣ್ಣಿನ ಪಾಲನ್ನು ಮಣ್ಣಿಗೆ ಬಿಟ್ಟೇ ನಮ್ಮ ಪಾಲನ್ನು ತೆಗೆದುಕೊಳ್ಳಬೇಕು.

ಭಟ್ಟಿಯ ಕಸದ ಮಾತನ್ನೂ ಹೇಳಲೇಬೇಕು. ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ಇಳಿಸಿದರೆ 8ರಿಂದ 15 ಲೀಟರ್ ಕಂದು ಬಣ್ಣದ ತ್ಯಾಜ್ಯ ನೀರು ಉಳಿಯುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವೆಲ್ಲ ಖರ್ಚಾಗಿ ಮೀನುಗಳು ಸಾಯುತ್ತವೆ. ಅದನ್ನೇ ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿದರೆ ಜೈವಿಕ ಅನಿಲ ಸಿಗುತ್ತದೆ. ಉಳಿದದ್ದನ್ನು ಕಾರ್ಖಾನೆಯ ಮಡ್ಡಿಯೊಡನೆ ಬೆರೆಸಿದರೆ ಪೊಟ್ಯಾಶ್ ತುಂಬಿದ ಗೊಬ್ಬರ. ಹಸಿರು ಇಂಧನ ಮಾಡಿ ಶಿಂಷೆಯನ್ನು ಕಪ್ಪು ಮಾಡಿದರೆ ಆ ಹಸಿರಿಗೆ ಅರ್ಥವಿಲ್ಲ.

ಇನ್ನು ಎರಡನೆಯ ಪ್ರಶ್ನೆ: ಎಥನಾಲ್ ಯಾವುದಕ್ಕೆ ಹೋಗಬೇಕು? ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಆದ್ದರಿಂದ ಶೇಕಡಾ 20 ಬೆರೆಸಿದ ಪ್ರತಿ ಲೀಟರಿನಲ್ಲಿ ಶಕ್ತಿ ಶೇಕಡಾ 6-7ರಷ್ಟು ಕಡಿಮೆ. ಎಥನಾಲಿಗೆಂದೇ ರೂಪಿಸಿದ ಎಂಜಿನ್ ಈ ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳಬಲ್ಲದು. ಹಳೆಯ ಎಂಜಿನ್ ಅಷ್ಟಾಗಿ ತುಂಬಿಕೊಳ್ಳಲಾರದು. ಅಲ್ಲದೆ ಸ್ಕೂಟರು, ಕಾರುಗಳಿಗೆ ಇಂದು ಇನ್ನೊಂದು ದಾರಿ ತೆರೆದಿದೆ: ವಿದ್ಯುತ್. ಸ್ಕೂಟರನ್ನು ಬ್ಯಾಟರಿಯಿಂದ ಓಡಿಸಬಹುದು. ಆದರೆ ನೀರಿನ ಕೊಳವೆಯನ್ನು ವಿದ್ಯುತ್ತಿನಿಂದ ಎರಕ ಹೊಯ್ಯಲಾಗದು. ಪ್ಲಾಸ್ಟಿಕ್ಕಿನ ಒಡಲೇ ಇಂಗಾಲ. ಅದು ಎಲ್ಲಿಂದಾದರೂ ಬರಲೇಬೇಕು. ಇಂದು ಅದು ಬಹುಪಾಲು ತೈಲ ಮತ್ತು ಅನಿಲದಿಂದ ಬರುತ್ತಿದೆ. ದೂರ ಹಾರುವ ವಿಮಾನದ ಕಥೆಯೂ ಅಂತಹುದೇ. ಅದನ್ನು ಹೊತ್ತೊಯ್ಯುವಷ್ಟು ಹಗುರವಾದ ಬ್ಯಾಟರಿ ಇನ್ನೂ ಇಲ್ಲ. ಎಥನಾಲಿನಿಂದ ವಿಮಾನದ ಇಂಧನ ತಯಾರಿಸುವ ಘಟಕವೊಂದು 2024ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಉದ್ಘಾಟನೆಯಾಗಿದೆ.

ಎಥನಾಲಿನ ಆವಿಯನ್ನು ಬಿಸಿಯಾದ ಅಲ್ಯುಮಿನಾದ ಮೇಲೆ ಹಾಯಿಸಿದರೆ ಅದು ನೀರನ್ನು ಕಳೆದುಕೊಂಡು ಎಥಿಲೀನ್ ಆಗುತ್ತದೆ. ಎಥಿಲೀನಿನ ಅಣುಗಳು ಕೈ ಕೈ ಹಿಡಿದರೆ ಪಾಲಿಥೀನ್. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಲ್ಲಿ ಕಬ್ಬಿನ ಎಥನಾಲಿನಿಂದ ವರ್ಷಕ್ಕೆ ಎರಡು ಲಕ್ಷ ಟನ್ ಪಾಲಿಥೀನ್ ತಯಾರಿಸುವ ಘಟಕವನ್ನು ಆರಂಭಿಸಿತು. ನಮ್ಮ ದೇಶದಲ್ಲಿಯೇ ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಕಂಪನಿ ಕಾಕಂಬಿಯ ಎಥನಾಲಿನಿಂದ ಎಥಿಲೀನ್ ಗ್ಲೈಕಾಲ್ ತಯಾರಿಸಿ ತೋರಿಸಿದೆ. ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಬಾಟಲಿಗೂ ಬೇಕಾದ ಮೂಲವಸ್ತು ಅದು.

ಈಗ ಮತ್ತೆ ನಮ್ಮ ಒಂದು ಎಕರೆಗೆ ಬನ್ನಿ. 40 ಟನ್ ಕಬ್ಬಿನ ಕಾಕಂಬಿಯಿಂದ ಸುಮಾರು 400 ಲೀಟರ್ ಎಥನಾಲ್. ಎಂಜಿನ್ನಿನಲ್ಲಿ ಉರಿಸಿದರೆ ಅದು ಸುಮಾರು 265 ಲೀಟರ್ ಪೆಟ್ರೋಲಿಗೆ ಸಮ. ಇಂಗಾಲ ಅಂದೇ ಗಾಳಿಗೆ ಹಿಂದಿರುಗುತ್ತದೆ. ಅದೇ 400 ಲೀಟರನ್ನು ಎಥಿಲೀನ್ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 190 ಕಿಲೋ ಪಾಲಿಥೀನ್ ಬರಬೇಕು. ಕಾರ್ಖಾನೆಯಲ್ಲಿ ಸ್ವಲ್ಪ ಕಡಿಮೆ. ಒಂದು ಕಿಲೋ ಪಾಲಿಥೀನಿನಲ್ಲಿರುವ ಇಂಗಾಲ ಗಾಳಿಯಲ್ಲಿ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿದ್ದುದು. ಅದನ್ನು ಹನಿ ನೀರಾವರಿಯ ಕೊಳವೆ ಮಾಡಿದರೆ ಆ ಇಂಗಾಲ ಹಲವು ವರ್ಷ ಗದ್ದೆಯಲ್ಲಿಯೇ ಬಂಧಿಯಾಗಿರುತ್ತದೆ; ಜೊತೆಗೆ ಕಬ್ಬಿಗೆ ಹಾಯಿಸುವ ನೀರನ್ನೂ ಉಳಿಸುತ್ತದೆ. ಎರಡೂ ಖಾತೆಗಳಲ್ಲಿ ಜಮೆ!

ಒಂದು ಎಚ್ಚರಿಕೆ. ಕಬ್ಬಿನಿಂದ ಬಂದ ಪಾಲಿಥೀನ್ ಕೂಡ ಪಾಲಿಥೀನೇ. ಅದು ಮಣ್ಣಿನಲ್ಲಿ ಕರಗುವುದಿಲ್ಲ, ದನದ ಹೊಟ್ಟೆಯಲ್ಲಿಯೂ ಕರಗುವುದಿಲ್ಲ. ಹುಟ್ಟು ಹಸಿರಾದ ಮಾತ್ರಕ್ಕೆ ಕೊನೆಯೂ ಹಸಿರೆಂದು ತಿಳಿಯಬಾರದು. ಮರುಬಳಕೆಯ ಹೊಣೆ ನಮ್ಮದೇ.

ಕಾಕಂಬಿ ದೇವರು ಕೊಟ್ಟ ಅಕ್ಷಯ ಪಾತ್ರೆಯಲ್ಲ. ಅದು ಕಾವೇರಿಯ ನೀರು, ರೈತನ ಬೆವರು, ವರ್ಷದ ಬಿಸಿಲು ಒಂದಾದ ಪಾಕ. ಅಷ್ಟು ಬೆಲೆಬಾಳುವುದನ್ನು ಬೇರೆ ಯಾವುದೂ ಮಾಡಲಾರದ ಕೆಲಸಕ್ಕೆ ಮೊದಲು ಬಳಸಬೇಕು, ಉಳಿದರೆ ಉರಿಸಬೇಕು. ಇದು ನನ್ನ ಅಭಿಪ್ರಾಯ. ಒಪ್ಪಲೇಬೇಕೆಂದಿಲ್ಲ, ಆದರೆ ಲೆಕ್ಕ ಹಾಕಿ ನೋಡಿ.

ಅದಕ್ಕಾಗಿ ಒಂದು ಸಣ್ಣ ಕೆಲಸ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಕಬ್ಬು ಬೆಳೆಯುವವರಿದ್ದರೆ ಮೂರು ಪ್ರಶ್ನೆ ಕೇಳಿ: ಎಕರೆಗೆ ಎಷ್ಟು ಟನ್ ಬಂತು? ಎಷ್ಟು ಸಲ ನೀರು ಕಟ್ಟಿದಿರಿ? ತರಗನ್ನು ಏನು ಮಾಡಿದಿರಿ? ಉತ್ತರಗಳನ್ನು ಬರೆದುಕೊಂಡು ಇಲ್ಲಿ ಹೇಳಿದ ಅಂಕಿಗಳ ಪಕ್ಕದಲ್ಲಿಟ್ಟು ತರಗತಿಯಲ್ಲಿ ಚರ್ಚಿಸಿ. ಮುಂದೊಮ್ಮೆ ಆ ವಾಸನೆ ಮೂಗಿಗೆ ಬಡಿದಾಗ ಮೂಗು ಮುಚ್ಚಿಕೊಳ್ಳುವ ಮೊದಲು ಒಂದು ಕ್ಷಣ ಈ ಲೆಕ್ಕವನ್ನು ನೆನೆಯುತ್ತೀರೆಂದು ನಂಬಿದ್ದೇನೆ.